ಮೂವತ್ತೊಂದು ಮುಕ್ಕಾಲು ಗಂಟೆ

ಮಗು ಸತ್ತದ್ದು ಎಷ್ಟು ಹೊತ್ತಿಗೆ ಎಂದು ಹೆತ್ತವಳನ್ನು ಕೇಳುವುದು ಹೇಗೆ? ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ ಹಯವದನ ಆ ಪ್ರಶ್ನೆಯನ್ನು ಬೇರೆ ಬೇರೆ ಬಗೆಯಲ್ಲಿ ಕೇಳಿ ನೋಡಿದ. ಕೊನೇ ಗಳಿಗೆಯಲ್ಲಿ ಹತ್ತಿರ ಯಾರಿದ್ದರು? ಅದು ನೆಂಟರು ಕೇಳುವ ಮಾತು, ಅದಕ್ಕೆ ಗಂಟೆ ಉತ್ತರವಾಗಿ ಬರುವುದಿಲ್ಲ. ಬೆಳಿಗ್ಗೆಯೋ ಸಂಜೆಯೋ? ಅದು ಪೊಲೀಸರು ಕೇಳುವ ಮಾತು. ತುಂಬ ನರಳಿತೇ? ಛೀ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಅಂಕಿ. ಜುಲೈ ಹದಿನೈದು, ಗುರುವಾರ, ಬೈಲಹೊಂಗಲದಲ್ಲಿ ಮಗು ಬೆಳಿಗ್ಗೆ ಹತ್ತೂವರೆಗೆ ಮುಂಚೆ ಸತ್ತಿತೋ, ಹತ್ತೂವರೆಯಾದ ಮೇಲೆ ಸತ್ತಿತೋ. ಮುಂಚೆ ಎಂದಾದರೆ ಅವನ ತಪ್ಪಿನಿಂದ ಯಾರಿಗೂ ಏನೂ ನಷ್ಟವಾಗಿಲ್ಲ. ನಾಲ್ಕು ವರ್ಷದ ಕೂಸು ಬೇಗ ಸತ್ತಿರಲಿ ಎಂದು ತಾನು ಮೂರು ತಿಂಗಳಿಂದ ಆಸೆಪಡುತ್ತಿದ್ದೇನೆ ಎಂಬುದು ಹೊಳೆದಾಗ ಬ್ಲೇಡು ಗದ್ದದ ಕೆಳಗೆ ಕಚ್ಚಿತು. ಗಾಯಕ್ಕೆ ಕಾಗದದ ಚೂರು ಅಂಟಿಸಿಕೊಂಡು ಅಡುಗೆಮನೆಗೆ ಬಂದ.

ಹೆಂಡತಿ ಸರಳಾ ಡೆಟ್ರಾಯಿಟ್‌ಗೆ ಕಳಿಸುವ ಡಬ್ಬಿಗಳನ್ನು ಕಂದು ಕಾಗದದ ಚೀಲಕ್ಕೆ ತುಂಬುತ್ತಿದ್ದಳು. "ಸಿಹಿ ಏನೂ ಇಟ್ಟಿಲ್ಲ. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಅಷ್ಟೆ. ಹೊರಡೋವಾಗ ಬಾಯಿ ಚಟಕ್ಕೆ ಬರ್ತೀನಿ ಅಂದುಬಿಟ್ಟೀರ ಮತ್ತೆ. ಸಾವಾದ ಮನೇಲಿ ಹಾಗನ್ನಬಾರದು."

"ಗೊತ್ತು ಕಣೆ."

"ಏನ್ ಗೊತ್ತು? ನಿಮಗೆ ಗೊತ್ತಿರೋದು ಮೈಲಿ, ಗಂಟೆ. ಗಂಗವ್ವ ಅತ್ತರೆ ಸುಮ್ನೆ ಕೂತ್ಕೊಳ್ಳಿ, ಲೆಕ್ಕ ಒಪ್ಪಿಸೋಕೆ ಹೋಗ್ಬೇಡಿ. ನಾನೂ ಬರ್ತಿದ್ದೆ, ಇವಳಿಗೆ ನೂರೆರಡು ಜ್ವರ."

ಇವಳು, ಐದು ವರ್ಷದ ಪ್ರಭಾ, ಸೋಫಾದ ಮೇಲೆ ಕಂಬಳಿ ಹೊದ್ದು ಟಿವಿಯಲ್ಲಿ ಶನಿವಾರದ ಕಾರ್ಟೂನು ನೋಡುತ್ತಿದ್ದಳು. "ಡ್ಯಾಡಿ, ಹೌ ಫಾರ್ ಈಸ್ ಡೆಟ್ರಾಯಿಟ್?" ಎಂದಳು. ಇನ್ನೂರ ಎಂಬತ್ತು ಮೈಲಿ ಪುಟ್ಟಿ ಎಂದ. "ಹೌ ಮೆನಿ ಅವರ್ಸ್?" ಎಂದಳು. ಐದು ಎನ್ನಬೇಕಿತ್ತು. ಅಂಥ ಪ್ರಶ್ನೆಗೆ ಅವನು ಉತ್ತರ ಹೇಳದೆ ಹೋದದ್ದು ಆ ಮನೆಯಲ್ಲಿ ಅದೇ ಮೊದಲು. ಮಗಳ ಹಣೆ ಮುಟ್ಟಿ ನೋಡಿದ. ಒಲೆಗೂ ಸೋಫಾಕ್ಕೂ ನಡುವೆ ಸರಳಾಗೆ ಆರು ಹೆಜ್ಜೆ ದೂರ. ಅದನ್ನೂ ಎಣಿಸಿದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂದು ಚೀಲ ಎತ್ತಿಕೊಂಡು ಕಾರು ಹತ್ತಿದ.

ಎಣಿಸುವುದು ಅವನ ಹೊಟ್ಟೆಪಾಡು. ಡೆಸ್ ಪ್ಲೇನ್ಸ್‌ನಲ್ಲಿ ವಿಮಾನಗಳ ವೇಳಾಪಟ್ಟಿ ಅಚ್ಚು ಹಾಕುವ ಒಂದು ಕಂಪನಿ. ತಿಂಗಳಿಗೊಮ್ಮೆ ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪದ ಪುಸ್ತಕ ಹೊರಡುತ್ತದೆ. ಅದರಲ್ಲಿ ಯಾವ ಊರಿಂದ ಯಾವ ಊರಿಗೆ ಎಷ್ಟು ಮೈಲಿ, ಹೊರಡುವುದು ಯಾವಾಗ, ಮುಟ್ಟುವುದು ಯಾವಾಗ, ಎರಡೂ ಆಯಾ ಊರಿನ ಗಡಿಯಾರದಲ್ಲಿ. ಆ ಗಡಿಯಾರಗಳ ಕೋಷ್ಟಕ ಹಯವದನನದು. ಮೈಸೂರಿನಲ್ಲಿ ಗಣಿತ ಓದಿದವನು ಇಲ್ಲಿ ರಂಧ್ರ ಹೊಡೆದ ಕಾರ್ಡುಗಳನ್ನು ಕಂಪ್ಯೂಟರಿಗೆ ಉಣಿಸುತ್ತ, ಆರು ವರ್ಷದಲ್ಲಿ ಒಂದು ಅಂಕಿ ತಪ್ಪಿಲ್ಲ ಎಂದು ಬೆನ್ನು ತಟ್ಟಿಸಿಕೊಂಡಿದ್ದ. ಶಿಕಾಗೋ ಸುತ್ತಮುತ್ತ ಇದ್ದ ಐವತ್ತು ಅರವತ್ತು ಕನ್ನಡದ ಮನೆಗಳಲ್ಲಿ ಅವನಿಗೆ ವಿಮಾನದ ಪಂಚಾಂಗ ಎಂದು ಹೆಸರು. ಯುಗಾದಿ ಊಟಕ್ಕೆ ಸೇರಿದರೆ ಎಲೆಯ ಮುಂದೆ ಕೂತವರು ಪಂದ್ಯ ಕಟ್ಟಿದ ಹಾಗೆ ಕೇಳುವರು: ಎಲ್ಲಿ, ಶಿಕಾಗೋದಿಂದ ಬೊಂಬಾಯಿಗೆ? ನೇರ ಹಿಡಿದರೆ ಎಂಟು ಸಾವಿರದ ಅರವತ್ತು ಮೈಲಿ, ಲಂಡನ್ ಮೇಲೆ ಹೋದರೆ ಎಂಟು ಸಾವಿರದ ನಾನೂರು ಚಿಲ್ಲರೆ. ಟೋಕಿಯೋ? ನೈರೋಬಿ? ಹೇಳುವನು. ಒಬ್ಬಟ್ಟು ಬಡಿಸುತ್ತಿದ್ದ ಹೆಂಗಸರು ನಗುವರು. ಆ ನಗು ತನಗೆ ಎಷ್ಟು ಹಿತವಾಗಿರುತ್ತಿತ್ತು ಎಂದು ನೆನೆಸಿಕೊಂಡರೆ ಈಗ ಮೈ ಮುದುಡುತ್ತಿತ್ತು. ಊರಿಗೆ ಹೊರಟವರೆಲ್ಲ ಮೊದಲು ಅವನಿಗೆ ಫೋನ್ ಮಾಡುವರು. ತಾರ ಬಂದವರೂ ಅವನಿಗೇ ಮಾಡುವರು.

ಜುಲೈ ಹದಿಮೂರು, ಮಂಗಳವಾರ, ಒಂಬತ್ತೂವರೆಗೆ ಕಲ್ಲಿನಾಥ ಮಾಡಿದ್ದು ಹಾಗೆ. ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ಕಾರು ಕಾರ್ಖಾನೆಯ ಎಂಜಿನಿಯರು, ಬೈಲಹೊಂಗಲದ ಕಡೆಯವನು, ಎರಡು ಸಲ ಹಬ್ಬದಲ್ಲಿ ಕಂಡಷ್ಟೇ ಪರಿಚಯ. ಗಂಡ ಹೆಂಡತಿ ಅಮೆರಿಕಕ್ಕೆ ಬರುವಾಗ ಮಗಳು ನೀಲಾಳನ್ನು ಒಂದು ವರ್ಷದ ಮಟ್ಟಿಗೆ ಎಂದು ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದರು. ಕಾಗದಪತ್ರದ ತಕರಾರಿನಲ್ಲಿ ಅದು ಎರಡೂವರೆ ವರ್ಷಕ್ಕೆ ಬೆಳೆದಿತ್ತು. ಈಗ ಗಂಟಲಮಾರಿ, ಕೂಡಲೇ ಹೊರಡಿ ಎಂದು ತಾರ. ಕಲ್ಲಿನಾಥನ ಗ್ರೀನ್ ಕಾರ್ಡು ಇನ್ನೇನು ಕೈಗೆ ಬರುವುದರಲ್ಲಿತ್ತು, ಅವನು ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ. ಹೆಂಡತಿ ಗಂಗವ್ವ ಒಬ್ಬಳೇ ಹೋಗಬೇಕು. ನ್ಯೂಯಾರ್ಕಿನಿಂದ ಹೊರಡುವವು, ಡೆಟ್ರಾಯಿಟ್‌ನಿಂದ ಶಿಕಾಗೋಗೆ ಹಾರುವವು, ಎಲ್ಲ ತುಂಬಿದ್ದವು. ಹಯವದನ ನಾಲ್ಕು ಕಡೆ ಫೋನ್ ತಿರುಗಿಸಿ, ಶಿಕಾಗೋದಿಂದಲೇ ಮಧ್ಯಾಹ್ನ ನಾಲ್ಕೂಕಾಲಿಗೆ ಹೊರಡುವ ಲಂಡನ್ ವಿಮಾನದಲ್ಲಿ ಒಂದು ಸೀಟು ಹಿಡಿದುಬಿಟ್ಟ. ಲಂಡನ್ನಿನಲ್ಲಿ ಬದಲಿಸಿ ಬೊಂಬಾಯಿಗೆ ಬುಧವಾರ ರಾತ್ರಿ ಹನ್ನೆರಡೂವರೆ, ಬೆಳಿಗ್ಗೆಯ ವಿಮಾನ ಹಿಡಿದು ಬೆಳಗಾವಿ, ಅಲ್ಲಿಂದ ಬಾಡಿಗೆ ಕಾರು. ಗುರುವಾರ ಹತ್ತೂವರೆಗೆ ಮಗುವಿನ ಹತ್ತಿರ. "ಇಲ್ಲಿ ಓಹೇರ್ ಏರ್‌ಪೋರ್ಟಿನಿಂದ ನಿಮ್ಮ ಅತ್ತೆ ಮನೆ ಬಾಗಿಲಿಗೆ ಮೂವತ್ತೊಂದು ಮುಕ್ಕಾಲು ಗಂಟೆ," ಎಂದಿದ್ದ. ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಕಲ್ಲಿನಾಥ ಕೇಳಿದ್ದ: "ಆಕಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಿ ವಿಮಾನಕ್ಕ ಬೇಕಾದ ಹಳದಿ ಕಾರ್ಡ್ ಮಾಡಿಸಬೇಕ್ರಿ, ಡಾಕ್ಟರ್ ಹತ್ತಕ್ಕ ಬರ್ತಾನ. ಹನ್ನೊಂದಕ್ಕ ಇಲ್ಲಿಂದ ಬಿಟ್ರ ನಡೀತದೇನ್ರಿ?" ಹಯವದನ ಯೋಚಿಸಲೂ ಇಲ್ಲ. "ನಿಮ್ಮ ಹನ್ನೊಂದು ಅಂದ್ರೆ ನಮ್ಮ ಹತ್ತು. ಐದು ಗಂಟೆ ಡ್ರೈವ್. ಮೂರಕ್ಕೆ ಇಲ್ಲಿರ್ತೀರ. ಧಾರಾಳವಾಯ್ತು."

ಈಗ ದಾರಿಯಲ್ಲಿ ಗ್ಯಾರಿ ಊರಿನ ಉಕ್ಕಿನ ಕಾರ್ಖಾನೆಗಳ ಹೊಗೆ ಗಾಜು ಮುಚ್ಚಿದ್ದರೂ ಒಳಗೆ ನುಗ್ಗಿತು. ತೊಂಬತ್ತನಾಲ್ಕನೇ ಹೆದ್ದಾರಿ ಇಂಡಿಯಾನಾ ದಾಟಿ ಮಿಶಿಗನ್ ಒಳಗೆ ಹೊಕ್ಕ ಮೇಲೆ ಮರಗಳು ಕೆಂಪಾಗಿದ್ದವು. ನಿಮ್ಮ ಹನ್ನೊಂದು ಅಂದರೆ ನಮ್ಮ ಹತ್ತು. ಚಳಿಗಾಲದಲ್ಲಿ ಆ ಮಾತು ಖಂಡಿತ ನಿಜ. ಬೇಸಿಗೆ ಬಂತೆಂದರೆ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ಮಿಶಿಗನ್ನಿನವರು ಮಾತ್ರ ನಮಗೆ ಬೇಡ ಎಂದು ವೋಟು ಹಾಕಿ ಕೂತಿದ್ದರು. ಹಾಗಾಗಿ ಬೇಸಿಗೆಯಲ್ಲಿ ಡೆಟ್ರಾಯಿಟ್‌ಗೂ ಶಿಕಾಗೋಗೂ ಗಂಟೆ ಒಂದೇ. ಹನ್ನೊಂದು ಅಂದರೆ ಹನ್ನೊಂದೇ. ಇದನ್ನು ಆ ವರ್ಷದ ಏಪ್ರಿಲ್‌ನಲ್ಲಿ ಕೋಷ್ಟಕಕ್ಕೆ ಸೇರಿಸಿದವನು ಯಾರು? ಹಯವದನ. ಮೇಲಿನವನು ಮರೆತಿದ್ದಾಗ ಅವನ ಮೇಜಿಗೆ ಹೋಗಿ, ನಗುತ್ತ, ಸರ್, ಮಿಶಿಗನ್ ಬಿಟ್ಟುಹೋಗಿದೆ ಎಂದು ತೋರಿಸಿಕೊಟ್ಟವನು ಯಾರು? ಅದೂ ಹಯವದನನೇ. ಪುಸ್ತಕದಲ್ಲಿ ಸರಿಯಾಗಿ ಬರೆದ ಕೈಯವನು ಬಾಯಲ್ಲಿ ತಪ್ಪು ಹೇಳಿದ. ಸಿಡುಬಿನ ಮದ್ದು ಓಹೇರ್‌ನಲ್ಲೇ ಹಾಕಿಸಬಹುದಿತ್ತು; ಉಟ್ಟ ಸೀರೆಯಲ್ಲೇ ಈಗಲೇ ಹೊರಡಿ ಎಂದು ಹೇಳಿದ್ದರೆ ಸಾಕಿತ್ತು. ಇನ್ನು ಮೂರು ವಾರಕ್ಕೆ ಶಿಕಾಗೋದವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಅವನು ಅಂದು ಆಡಿದ ಮಾತು ಮತ್ತೆ ನಿಜವಾಗುತ್ತದೆ. ಯಾರ ಪ್ರಯೋಜನಕ್ಕೆ?

ಅಂದು ಅವನು ಎರಡೂವರೆಗೇ ಓಹೇರ್‌ನ ಗೇಟಿನ ಹತ್ತಿರ ಹೋಗಿ ನಿಂತಿದ್ದ. ಊಟ ಮಾಡಿರಲಿಲ್ಲ. ಮೂರಾಯಿತು. ಪಕ್ಕದ ಗೇಟಿನಲ್ಲಿ ಮೈಕು ಹಿಡಿದ ಹೆಂಗಸು ಡೆಟ್ರಾಯಿಟ್ ಪ್ರಯಾಣಿಕರನ್ನು ಕರೆಯುತ್ತ, ಹೊರಡುವುದು ಮೂರು ಹತ್ತು, ಒಂದು ಗಂಟೆಯ ಹಾರಾಟ, ಡೆಟ್ರಾಯಿಟ್ ಸಮಯ ನಾಲ್ಕು ಹತ್ತಕ್ಕೆ ಇಳಿಯುತ್ತೇವೆ ಎಂದಳು. ಅವನು ಅದನ್ನು ಕೇಳಿಸಿಕೊಂಡ. ತಪ್ಪು ಹೇಳುತ್ತಿದ್ದಾಳೆ, ಐದು ಹತ್ತು ಆಗಬೇಕು ಎಂದುಕೊಂಡ. ತಿದ್ದಬೇಕು ಎಂದು ಎರಡು ಹೆಜ್ಜೆ ಆಕೆಯ ಕಡೆ ಇಟ್ಟೂಬಿಟ್ಟ. ಮೂರನೆಯ ಹೆಜ್ಜೆ ಎತ್ತುವಾಗ ಅವನಿಗೆ ತಿಳಿಯಿತು. ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತುಬಿಟ್ಟ. ಅವರು ಆಗ ಇನ್ನೂ ಮಿಶಿಗನ್ ಗಡಿಯ ಹತ್ತಿರ ಎಲ್ಲೋ ಇದ್ದರು. ಕಾರಿಗೆ ಫೋನ್ ಮಾಡುವುದಕ್ಕಾಗುತ್ತದೆಯೇ? ನಾಲ್ಕಾಗುತ್ತ ಬಂದಾಗ ಕೌಂಟರಿನ ಹುಡುಗಿಯ ಬಳಿ ಹೋಗಿ ಹತ್ತೇ ಹತ್ತು ನಿಮಿಷ ಬಾಗಿಲು ತೆರೆದಿಡಿ ಎಂದು ಕೇಳಿದ. ಗಾಬರಿಯಲ್ಲಿ ಇಂಗ್ಲಿಷು ತೊದಲಿತು. "ನೀವು ಪ್ಯಾಸೆಂಜರಾ, ಸರ್?" ಅಲ್ಲ. "ಅವರ ಗಂಡನಾ?" ಅಲ್ಲ. "ಮತ್ತೆ ನೀವು ಯಾರು?" ಅವರ ಊರಿನವನಲ್ಲ, ನೆಂಟನಲ್ಲ, ಜಾತಿಯವನಲ್ಲ. ಕಡೆಗೆ ಕಿಸೆಯಿಂದ ಕಂಪನಿಯ ಗುರುತಿನ ಕಾರ್ಡು ತೆಗೆದು ತೋರಿಸಿದ. ಅವಳು ಓದಿ ಬಹಳ ಮರ್ಯಾದೆಯಿಂದ, "ಹಾಗಾದರೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕಲ್ಲ, ಸರ್," ಎಂದು ಬಾಗಿಲು ಎಳೆದಳು.

ನಾಲ್ಕು ಇಪ್ಪತ್ತೈದಕ್ಕೆ ಅವರು ಓಡುತ್ತ ಬಂದರು. ಕಲ್ಲಿನಾಥನ ಕೈಯಲ್ಲಿ ಸೂಟ್‌ಕೇಸು, ಇಳಕಲ್ ಸೀರೆಯ ಮೇಲೆ ಸ್ವೆಟರು ಹಾಕಿದ್ದ ಗಂಗವ್ವನ ಮುಷ್ಟಿಯಲ್ಲಿ ಲಿಂಗವಿಡುವ ಬೆಳ್ಳಿಯ ಕರಡಿಗೆ. ಲಿಂಗವಂತರ ಹೆಂಗಸು, ಕೊರಳಿನ ಲಿಂಗ ಬಿಟ್ಟು ಇರುವವಳಲ್ಲ. ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟವಳು ಗಡಿಬಿಡಿಯಲ್ಲಿ ಅಲ್ಲೇ ಬಿಟ್ಟು ಹೊರಟಿದ್ದಳು. ಹತ್ತು ನಿಮಿಷ ಹೋದ ಮೇಲೆ ಕೊರಳು ಮುಟ್ಟಿಕೊಂಡು ಚೀರಿದ್ದಳಂತೆ. ಕಾರು ತಿರುಗಿಸಿ ಮನೆಗೆ ಹೋಗಿ ತಂದಿದ್ದರು. "ನನ್ನಿಂದನ ತಡ ಆತ್ರಿ ಅಣ್ಣಾರ," ಎಂದಳು ಏದುಸಿರು ಬಿಡುತ್ತ. "ಕರಡಿಗಿ ಸಲುವಾಗಿ ತಿರುಗಿ ಹೋದ್ವಿ. ಇಪ್ಪತ್ತ ಮಿನಿಟ. ನನ್ನಿಂದನ." ಆಗ ಹೇಳಬೇಕಿತ್ತು. ಇಲ್ಲಮ್ಮ, ನಿನ್ನಿಂದಲ್ಲ, ನೀನು ತಿರುಗಿ ಹೋಗದಿದ್ದರೂ ಬಾಗಿಲು ಮುಚ್ಚಿ ಐದು ನಿಮಿಷವಾಗಿರುತ್ತಿತ್ತು, ಒಂದು ಗಂಟೆ ನಾನು ನುಂಗಿದೆ ಎನ್ನಬೇಕಿತ್ತು. ನಾಲಿಗೆಯ ಮೇಲೆ ಇತ್ತು. "ದಾರೀಲಿ ಟ್ರಾಫಿಕ್ ಇರತ್ತೆ ಬಿಡಿ," ಎಂದ. "ನಾಳೆ ಇದೇ ಹೊತ್ತಿಗೆ ಇನ್ನೊಂದಿದೆ." ಅವರು ಆ ರಾತ್ರಿ ಇವನ ಮನೆಯಲ್ಲೇ ಉಳಿದರು, ಗಂಗವ್ವ ಒಂದು ತುತ್ತು ಅನ್ನ ಮುಟ್ಟಲಿಲ್ಲ. ಮರುದಿನ ಹೋದಳು. ಶುಕ್ರವಾರ ಹತ್ತೂವರೆಗೆ ಅವಳು ಬೈಲಹೊಂಗಲ ಮುಟ್ಟುವ ಹೊತ್ತಿಗೆ ಮಗುವನ್ನು ಮಣ್ಣು ಮಾಡಿ ಬಂದವರು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದರಂತೆ. ಇಷ್ಟು ಕಲ್ಲಿನಾಥ ಫೋನಿನಲ್ಲಿ ಹೇಳಿದ್ದ. ಗುರುವಾರ ಯಾವಾಗಲೋ ಹೋಯಿತು ಎಂದಿದ್ದ. ಯಾವಾಗಲೋ!

ಒಂದು ಗಂಟೆಗೆ ವಾರೆನ್ ಮುಟ್ಟಿದ. ಒಂದೇ ಅಚ್ಚಿನ ಮನೆಗಳ ಸಾಲು, ಪ್ರತಿ ಮನೆಯ ಮುಂದೆ ಇವರ ಕಾರ್ಖಾನೆಯಲ್ಲೇ ಮಾಡಿದ ಕಾರು. ಕಲ್ಲಿನಾಥ ಬಾಗಿಲು ತೆರೆದು "ಬರ್ರಿ ರಾಯರ" ಎಂದು ಎರಡೂ ಕೈ ಹಿಡಿದುಕೊಂಡ. ಮನುಷ್ಯ ಇಳಿದುಹೋಗಿದ್ದ. ಗಂಗವ್ವ ಬಂದು ಚೀಲ ಇಸಿದುಕೊಂಡಳು. ಅವಳ ಹಣೆಯಲ್ಲಿ ವಿಭೂತಿ ಇರಲಿಲ್ಲ, ಕೊರಳು ಬರಿದಾಗಿತ್ತು. ಕರಡಿಗೆ ಕಿಟಕಿಯ ಕಟ್ಟೆಯ ಮೇಲೆ, ಕೀಲಿಕೈ ಮತ್ತು ಹಾಲಿನ ಚೀಟಿಗಳ ನಡುವೆ ಬಿದ್ದಿತ್ತು. ನೋಡಬಾರದ್ದನ್ನು ನೋಡಿದವನಂತೆ ಹಯವದನ ಕಣ್ಣು ಬೇರೆ ಕಡೆ ತಿರುಗಿಸಿದ. ಊಟಕ್ಕೆ ಬಡಿಸಿದಳು. ಚಪಾತಿ, ಬದನೆಕಾಯಿ. ಉಣ್ಣುವುದು ಬೇಡವಾಗಿತ್ತು, ಬೇಡ ಎನ್ನುವುದಕ್ಕೂ ಧೈರ್ಯವಿರಲಿಲ್ಲ. ಹವೆ, ರಸ್ತೆ, ಪ್ರಭಾಳ ಜ್ವರ, ಹೀಗೆ ಮಾತು ಎಲ್ಲೆಲ್ಲೋ ಹೋಯಿತು. ಜ್ವರ ಎಂದ ಕೂಡಲೇ ಗಂಗವ್ವ ಬಡಿಸುವ ಕೈ ನಿಲ್ಲಿಸಿ, "ಗಂಟಲ ನೋಡ್ಯಾರೇನ್ರಿ? ಟಾರ್ಚ್ ಹಾಕಿ ನೋಡಾಕ ಹೇಳ್ರಿ," ಎಂದಳು. ಬೆಳಗಿನಿಂದ ಕಟ್ಟಿಕೊಂಡು ಬಂದಿದ್ದ ಪ್ರಶ್ನೆಗಳಲ್ಲಿ ಒಂದೂ ಅವನ ಬಾಯಿಗೆ ಬರಲಿಲ್ಲ. ಕೇಳದೆಯೇ ಹೋಗಿಬಿಡೋಣ, ಗೊತ್ತಾಗದೆಯೇ ಇರಲಿ ಎಂದುಕೊಂಡ. ಅದೂ ಒಂದು ಹೇಡಿತನ, ಅವನಿಗೆ ಗೊತ್ತಿತ್ತು.

ಆದರೆ ಅವಳೇ ಎದುರಿಗೆ ಕೂತಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಬಹಳ ದಿನದಿಂದ ಸಿದ್ಧಮಾಡಿಕೊಂಡ ಮಾತಿನಂತೆ ಹೇಳಿದಳು: "ಅಣ್ಣಾರ, ನೀವ ಇದನ್ನ ತಿಳಿದಾವ್ರು. ನನಗೊಂದು ಲೆಕ್ಕ ಹಾಕಿ ಹೇಳ್ರಿ. ಅವತ್ತ ನಾ ಕರಡಿಗಿ ಸಲುವಾಗಿ ತಿರುಗದಿದ್ರ, ಆ ವಿಮಾನ ಸಿಕ್ಕಿದ್ರ, ನನ್ನ ಕೂಸಿನ ಮಾರಿ ನನಗ ಸಿಗತಿತ್ತೇನ್ರಿ?"

"ಬಿಡು ಗಂಗಾ," ಎಂದ ಕಲ್ಲಿನಾಥ.

"ನೀ ಸುಮ್ಮನಿರು. ಮೂರ ತಿಂಗಳಾತು, ನನ್ನ ತಲ್ಯಾಗ ಇದ ಒಂದ ಐತಿ. ಲಿಂಗಪ್ಪನ್ನ ಬಿಟ್ಟ ಹೋಗಬಾರದಂತ ತಿರುಗಿ ಹೋದೆ. ಅಂವ ನನ್ನ ಕೂಸಿನ್ನ ಇಟಗೊಂಡ. ಅವತ್ತಿಂದ ಅಂವನ್ನ ಮುಟ್ಟಿಲ್ಲ ನಾ." ಅಳಲಿಲ್ಲ. ಹಯವದನನ ಮುಖವನ್ನೇ ನೋಡುತ್ತಿದ್ದಳು. "ಗುರುವಾರ ಸಂಜಿ ನಾಕ ಗಂಟಿಗೆ ಹೋತ್ರಿ ಅದು. ಸಾಲಿ ಬಿಟ್ಟ ಹುಡುಗೂರು ಓಣ್ಯಾಗ ಬರಾಕತ್ತಿದ್ರಂತ. ಮಧ್ಯಾಹ್ನತನಾ ಕಣ್ಣ ಬಿಡತಿತ್ತಂತ, ಮಾತಾಡತಿತ್ತಂತ."

ನಾಲ್ಕು ಗಂಟೆ. ಅಂಕಿ ತಾನಾಗಿಯೇ ಬಂದು ಬಿತ್ತು. ಹತ್ತೂವರೆಯಿಂದ ನಾಲ್ಕಕ್ಕೆ ಐದೂವರೆ ಗಂಟೆ. ಅವನ ತಲೆಯಲ್ಲಿ ಅದು ಲೆಕ್ಕವಾಗಲೇ ಇಲ್ಲ, ಕೇಳುವ ಮುಂಚೆಯೇ ಉತ್ತರವಾಗಿ ನಿಂತಿತು. ಮಗು ಉಸಿರಾಡುತ್ತಿದ್ದ ಐದೂವರೆ ಗಂಟೆ ಇವಳು ಪಕ್ಕದಲ್ಲಿ ಕೂತಿರುತ್ತಿದ್ದಳು. ಕಾಗದ ಬೇಕು ಎಂದ, ಹೊತ್ತು ತಳ್ಳುವುದಕ್ಕೆ. ಕಲ್ಲಿನಾಥ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಕೊಟ್ಟ, ಅದರ ಹಿಂಬದಿ ಖಾಲಿಯಿತ್ತು. ಹಯವದನ ಬರೆಯಲಾರಂಭಿಸಿದ. ಶಿಕಾಗೋ, ನಾಲ್ಕೂಕಾಲು. ಲಂಡನ್, ಏಳೂವರೆ ಗಂಟೆಯ ದಾರಿ. ಅವಳ ಕಣ್ಣು ಪೆನ್ಸಿಲಿನ ಮೊನೆ ಹೋದಲ್ಲೆಲ್ಲ ಹೋಗುತ್ತಿತ್ತು. ನಿಜ ಹೇಳಿದರೆ ಅವಳಿಗೆ ಏನು ಹೇಳಿದ ಹಾಗಾಯಿತು? ನಿನ್ನ ಕರಡಿಗೆಯಿಂದಲ್ಲ, ನನ್ನಿಂದ. ಆದರೆ ವಿಮಾನ ಸಿಕ್ಕಿದ್ದರೆ ಮಗು ಸಿಗುತ್ತಿತ್ತು. ಅವಳ ಎದೆಯ ಮೇಲಿನ ಒಂದು ಕಲ್ಲು ಇಳಿಸಿ ಇನ್ನೊಂದು ಹೇರಿದ ಹಾಗೆ. ಹೀಗೆಂದು ತನಗೆ ತಾನು ಹೇಳಿಕೊಂಡ. ಅದರ ಅಡಿಯಲ್ಲಿ, ತಾನು ಸಿಕ್ಕಿಬೀಳುತ್ತೇನೆ ಎಂಬ ಭಯ ಇದ್ದೇ ಇತ್ತು. ಕರುಣೆ ಎಲ್ಲಿ ಮುಗಿಯಿತು, ಭಯ ಎಲ್ಲಿ ಶುರುವಾಯಿತು ಎಂಬುದು ಅವನಿಗೇ ತಿಳಿಯಲಿಲ್ಲ. ಬೊಂಬಾಯಿ, ಹನ್ನೆರಡೂವರೆ. ಪೆನ್ಸಿಲು ಬೆಳಗಾವಿಯ ಹತ್ತಿರ ನಿಂತಿತು. ಆ ವಿಮಾನ ದಿನವೂ ಇದೆ. ಪುಸ್ತಕದ ಆ ಸಾಲು ಕಣ್ಣ ಮುಂದೆ ಬಂತು.

"ಗುರುವಾರ ಬೆಳಗಾವಿಗೆ ವಿಮಾನ ಇಲ್ಲಮ್ಮ," ಎಂದ. "ವಾರಕ್ಕೆ ನಾಲ್ಕೇ ದಿನ. ನೀವು ಅವತ್ತೇ ಹೋಗಿದ್ರೂ ಬೊಂಬಾಯಿಂದ ರೈಲು ಹಿಡೀಬೇಕಾಗ್ತಿತ್ತು. ಬೈಲಹೊಂಗಲ ಮುಟ್ಟೋದು ಶುಕ್ರವಾರ ಬೆಳಿಗ್ಗೇನೇ."

"ಅಂದ್ರ ತಿರುಗಿ ಹೋಗದಿದ್ರೂ..."

"ಅದೇ ಶುಕ್ರವಾರ."

"ಪಕ್ಕಾ ಏನ್ರಿ?"

"ನನ್ನ ಕೆಲಸವೇ ಅದು," ಎಂದ ಹಯವದನ.

ಗಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮೊದಲು ನಕ್ಕ ಹಾಗೆ ಕಂಡಿತು. ಆಮೇಲೆ ಅತ್ತಳು, ಮೂರು ತಿಂಗಳಲ್ಲಿ ಇದೇ ಮೊದಲು ಎಂದು ಕಲ್ಲಿನಾಥನ ಮುಖ ನೋಡಿದರೆ ತಿಳಿಯುತ್ತಿತ್ತು. ಸುಮ್ಮನೆ ಕೂತಿರಿ ಎಂದು ಸರಳಾ ಹೇಳಿದ್ದಳು, ಹಯವದನ ಸುಮ್ಮನೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು, ಕಿಟಕಿಯ ಕಟ್ಟೆಯ ಮೇಲಿದ್ದ ಕರಡಿಗೆಯನ್ನು ಕೈಯಲ್ಲಿ ಮುಟ್ಟದೆ, ಸೆರಗಿನಲ್ಲಿ ಹಿಡಿದು ಎತ್ತಿಕೊಂಡು ಒಳಗೆ ಹೋದಳು. ಒಳಗೆ ನಲ್ಲಿ ಬಿಟ್ಟ ಸದ್ದಾಯಿತು.

ಹೊರಡುತ್ತೇನೆ ಎಂದು ಹಯವದನ ಎದ್ದ. ಕಲ್ಲಿನಾಥ ಕಾರಿನವರೆಗೂ ಬಂದ, ಬಂದವನು ಕಾರಿನ ಬಾಗಿಲು ಹಿಡಿದುಕೊಂಡು ನಿಂತ. "ರಾಯರ, ಒಂದ ಮಾತು. ಅವತ್ತ ಫೋನ್‌ನ್ಯಾಗ ನೀವು, ನಿಮ್ಮ ಹನ್ನೊಂದಂದ್ರ ನಮ್ಮ ಹತ್ತು ಅಂದ್ರಿ."

ಹಯವದನ ಕಿಸೆಯಲ್ಲಿ ಕೀಲಿಕೈ ಹುಡುಕುವುದನ್ನು ಬಿಟ್ಟ. ಗೊತ್ತು, ಎಲ್ಲ ಗೊತ್ತು ಇವನಿಗೆ.

"ನಾ ಇಲ್ಲೇ ಇರಾಂವ. ನಮ್ಮ ಊರಿನ ಗಡಿಯಾರ ನನಗ ಗೊತ್ತಿಲ್ಲೇನ್ರಿ? ಅಲ್ರಿ, ಈಗ ಎರಡೂ ಒಂದ ಐತಿ ಅನ್ನಬೇಕಂತ ಬಾಯಿತನಾ ಬಂತು. ಟೈಮ್ ಟೇಬಲ್ ಮಾಡೋ ಮನಶ್ಯಾಗ ನಾ ಏನ ಹೇಳ್ಲಿ, ಹೆಚ್ಚುಕಡಿಮಿ ನನಗ ತಿಳಿದಿಲ್ಲ ಅಂತ ನುಂಗಿಕೊಂಡೆ." ಕಾರಿನ ಬಾಗಿಲು ಬಿಟ್ಟು ಮನೆಯ ಕಡೆ ನೋಡಿದ. "ಆಕಿ ನನ್ನಿಂದನ ತಡ ಆತು ಅಂತ ತಲಿ ಬಡಕೊಳ್ಳಾಕತ್ತಾಗ ಸುಮ್ಮ ನಿಂತಿದ್ನಿ. ಗಂಡಸ ನಾ."

"ನಾನೂ ಸುಮ್ಮನೆ ನಿಂತಿದ್ದೆ," ಎಂದ ಹಯವದನ. ಮೂರು ತಿಂಗಳಿಂದ ಹೊತ್ತ ಮಾತು ಇಷ್ಟು ಚಿಕ್ಕದಾಗಿ ಹೊರಗೆ ಬಂತು. ಅದರಿಂದ ಏನೂ ಹಗುರವಾಗಲಿಲ್ಲ.

"ಇವತ್ತ ಹೇಳಿದ್ರಲ್ಲಾ, ಗುರುವಾರದ್ದು..." ಎಂದು ಕಲ್ಲಿನಾಥ ಶುರುಮಾಡಿ ತಾನೇ ಕೈ ಅಡ್ಡ ಆಡಿಸಿದ. "ಬ್ಯಾಡ. ಹೇಳಬ್ಯಾಡ್ರಿ. ಖರೇ ಇದ್ರೂ ಹೇಳಬ್ಯಾಡ್ರಿ, ಸುಳ್ಳಿದ್ರೂ ಹೇಳಬ್ಯಾಡ್ರಿ."

ಇಬ್ಬರೂ ಎದುರು ಮನೆಯವನು ಎಲೆ ಗುಡಿಸುವುದನ್ನು ನೋಡುತ್ತ ನಿಂತರು. ಅಷ್ಟರಲ್ಲಿ ಗಂಗವ್ವ ಹೊರಗೆ ಬಂದಳು. ಮಿಂದ ಒದ್ದೆ ಕೂದಲು ಬೆನ್ನ ಮೇಲೆ, ಹಣೆಗೆ ಮೂರು ಬೆರಳ ವಿಭೂತಿ, ಕೊರಳಲ್ಲಿ ಕರಡಿಗೆ. ಇನ್ನೊಬ್ಬ ಹೆಂಗಸಿನ ಹಾಗೆ ಕಂಡಳು. ಕೈಯಲ್ಲಿ ಊರಿಗೆ ಬರೆಯುವ ನೀಲಿ ಏರೋಗ್ರಾಮ್ ಮತ್ತು ಪೆನ್ನು. "ಅಣ್ಣಾರ, ನಿಮ್ಮ ಕೈಲೆ ಇದರಾಗ ಬರದ ಕೊಡ್ರಿ, ಆ ಲೆಕ್ಕ ಪೂರಾ. ಅವ್ವಗ ಕಳಸ್ತೀನಿ. ಆಕಿ ಒಂದ ರಾತ್ರಿ ತಡಮಾಡಿ ತಾರ ಕೊಟ್ಲಂತ; ಮುಂಜಾನಿ ಕಡಿಮಿ ಆಗ್ತದ, ಮುಂಜಾನಿ ಕಡಿಮಿ ಆಗ್ತದ ಅಂತ. ಮಗಳಿಗೆ ತಪ್ಪಿಸಿದ್ನೆಪಾ ಅಂತ ಹಾಸಿಗಿ ಹಿಡದಾಳ್ರಿ ಮುದಕಿ. ಗುರುವಾರ ವಿಮಾನನ ಇರಲಿಲ್ಲ, ರಾತ್ರಿನ ತಾರ ಕೊಟ್ಟಿದ್ರೂ ಕೂಸಿನ ಮಾರಿ ಸಿಗತಿರಲಿಲ್ಲ ಅಂತ ಬರೀರಿ. ನಾ ಬರದ್ರ ನಂಬಂಗಿಲ್ಲ."

ಬರೆಯುವುದಿಲ್ಲ ಎನ್ನುವುದಕ್ಕೆ ಯಾವ ಕಾರಣ ಕೊಡುವುದು? ಏರೋಗ್ರಾಮನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿಕೊಂಡು ಹಯವದನ ಬರೆದ. ಆಫೀಸಿನಲ್ಲಿ ಬರೆಯುವ ಹಾಗೆ ದುಂಡಗೆ, ಒಂದರ ಕೆಳಗೆ ಒಂದು, ಊರು, ಮೈಲಿ, ಗಂಟೆ. ಬೆಳಗಾವಿಯ ಸಾಲಿಗೆ ಬಂದಾಗ ಗುರುವಾರ ವಿಮಾನ ಇರುವುದಿಲ್ಲ ಎಂದು ಪೂರ್ತಿ ವಾಕ್ಯ ಬರೆದ. ಕೆಳಗೆ ಅವಳು ಹೇಳಿದಂತೆ ತನ್ನ ಹೆಸರು, ಹುದ್ದೆ. ಪ್ರಿಂಟಾಗಿ ಲೋಕವೆಲ್ಲ ಓದುವ ಅವನ ಅಂಕಿಗಳ ಕೆಳಗೆ ಎಂದೂ ಅವನ ಹೆಸರು ಇದ್ದದ್ದಿಲ್ಲ. ಗಂಗವ್ವ ತೆಗೆದುಕೊಂಡು, ಮಡಿಸಿ, ಅಂಚಿನ ಅಂಟನ್ನು ನಾಲಿಗೆಗೆ ತಾಗಿಸಿ ಒತ್ತಿದಳು. ವಿಳಾಸ ಬರೆಯುತ್ತ, ಎಷ್ಟೋ ದಿನದ ಮೇಲೆ ಮಾತಾಡುವ ಉತ್ಸಾಹ ಬಂದವಳಂತೆ ಹೇಳಿದಳು: "ಅವ್ವಗ ಓದಾಕ ಬರಂಗಿಲ್ರಿ. ನಮ್ಮ ತಮ್ಮ ಗದಿಗೆಪ್ಪ ಓದಿ ಹೇಳ್ತಾನ. ಬಸ್ ಕಂಡಕ್ಟರ್ ಅದಾನ್ರಿ ಅಂವ, ಬೆಳಗಾವಿ ವಿಮಾನ ನಿಲ್ದಾಣದ ಬಸ್ಸಿನ ಮ್ಯಾಲೆ. ಮೂರ ವರ್ಷಾತು, ದಿನಾ ವಿಮಾನ ಇಳದ ಮಂದೀನ್ನ ಊರಿಗೆ ತರಾಂವ ಅಂವನ."

ಕಲ್ಲಿನಾಥ ಮುಖ ಆಚೆ ತಿರುಗಿಸಿದ. ಹಯವದನನ ಕೈ ತಾನಾಗಿಯೇ ಮುಂದೆ ಹೋಯಿತು. "ಕೊಡಿ, ನಾನೇ ಶಿಕಾಗೋದಲ್ಲಿ ಹಾಕ್ತೀನಿ, ಬೇಗ ಹೋಗತ್ತೆ," ಎಂದ. "ಏ, ನಿಮಗ್ಯಾಕ ತ್ರಾಸ, ಇಲ್ಲೇ ಐತಲ್ರಿ," ಎನ್ನುತ್ತಲೇ ಅವಳು ಒದ್ದೆ ಕೂದಲು ಹಾರಿಸಿಕೊಂಡು ರಸ್ತೆ ದಾಟಿದಳು. ಮೂಲೆಯಲ್ಲಿದ್ದ ನೀಲಿ ಟಪಾಲು ಪೆಟ್ಟಿಗೆಯ ಬಾಯಿ ಎಳೆದು, ಕಾಗದ ಹಾಕಿ, ಒಳಗೆ ಬಿದ್ದಿತೋ ಇಲ್ಲವೋ ಎಂದು ಇನ್ನೊಮ್ಮೆ ಎಳೆದು ನೋಡಿದಳು. ಈ ಕಡೆ ನಿಂತ ಇಬ್ಬರು ಗಂಡಸರು ಅದನ್ನು ನೋಡಿದರು.

ತಿರುಗಿ ಬಂದು ಅವನ ಮುಂದೆ ನಿಂತಳು. ಕಣ್ಣಿನಲ್ಲಿ ಪೂರ್ತಿ ನಂಬಿಕೆಯಿತ್ತು.

"ಎಷ್ಟ ದಿನಕ್ಕ ಮುಟ್ಟತದ್ರಿ ಅಣ್ಣಾರ, ಅದು?"

"ಎಂಟು ದಿನ," ಎಂದ ಹಯವದನ. ಆ ಲೆಕ್ಕ ಸರಿಯಾಗಿತ್ತು.